ಬೂಂದಿಗೊಂದು ಬೇಲಿಯ ಬಯಲು

ಮಕ್ಕಳೇ ಮೇಧಾ, ಸುಹಾಸ, ನಮ್ಮ ನಾಯಿ ಬೂಂದಿಯ ಉದ್ದ ಹಗ್ಗವನ್ನು ಈಗಷ್ಟೇ ತೊಳೆದು ಮನೆಯ ಹಿಂದಿನ ಮರದ ಡೆಕ್ಕಿನ ಕಟಕಟೆಯ ಮೇಲೆ ಒಣಹಾಕಿ ಬಂದು ಕುಳಿತಿದ್ದೇನೆ. ಅದರ ಗಂಟುಗಳಲ್ಲಿ ಸಿಕ್ಕಿಕೊಂಡಿದ್ದ ಬೀಜಗಳನ್ನು ಒಂದೊಂದಾಗಿ ಬಿಡಿಸುವಾಗ, ಇದು ಯಾವ ಬಯಲಿನದು, ಅದು ಯಾವ ಬಯಲಿನದು ಎಂದು ಗುರುತು ಹಿಡಿಯುವುದೇ ನನಗೊಂದು ಆಟವಾಯಿತು. ನಮ್ಮೂರಿನ ಉತ್ತರಾಣಿಯಂತೆ ಸೀರೆಗೆ ಅಂಟುವ ಈ ಸಣ್ಣ ಬೀಜ ಮೇರಿಲ್ಯಾಂಡಿನದು. ಎಷ್ಟು ಉಜ್ಜಿದರೂ ಹೋಗದ ಈ ಕೆಮ್ಮಣ್ಣಿನ ಕಲೆ ಕ್ಯಾರೊಲಿನಾದ್ದೋ ಅಟ್ಲಾಂಟಾದ್ದೋ, ಅದನ್ನು ಮಾತ್ರ ನಾನು ಹೇಳಲಾರೆ, ಏಕೆಂದರೆ ಆ ಎರಡು ಊರುಗಳ ಮಣ್ಣೂ ನಮ್ಮ ತಿಪಟೂರಿನ ಕಡೆಯ ಹೊಲದ ಮಣ್ಣಿನ ಒಡಹುಟ್ಟಿದವರಂತೆ ಇವೆ.

ನಿಮ್ಮ ಅಜ್ಜಿಯಾದ ನಾನು ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ನಾಲ್ಕು ಜನ ಕೂತ ಕಡೆ ಐದನೆಯವಳಾಗಿ ಬಾಯಿ ಬಿಡುವ ಅಭ್ಯಾಸ ನನಗಿಲ್ಲ. ಹೊಸಬರು ಮನೆಗೆ ಬಂದರೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತೇನೆ ಎಂದು ನೀವೇ ನಗುತ್ತೀರಿ. ಆದರೆ ನಾಯಿಯನ್ನು ಹಗ್ಗ ಬಿಚ್ಚಿ ಓಡಾಡಿಸುವ ಬಯಲುಗಳ ವಿಷಯ ಬಂದಾಗ ನನ್ನ ಮಾತು ಕೇಳಬೇಕು. ಯಾವುದು ನಿಜವಾದ ಬಯಲು, ಯಾವುದು ಬರೀ ಬೇಲಿ ಸುತ್ತಿದ ಹುಲ್ಲು ಎಂದು ತೀರ್ಪು ಕೊಡಲು ನಮ್ಮ ಮನೆಯಲ್ಲಿ ನನ್ನಷ್ಟು ಯೋಗ್ಯರು ಇಲ್ಲ; ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ಬೂಂದಿ ಬಂದದ್ದು ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ಆ ಬೇಸಿಗೆಯಲ್ಲಿ. ಅನಾಥ ನಾಯಿಗಳಿಗೆ ಮನೆ ಹುಡುಕುವ ಸಂಸ್ಥೆಯೊಂದು ಅವನನ್ನು ಕ್ಯಾರೊಲಿನಾ ಕಡೆಯಿಂದ ವ್ಯಾನಿನಲ್ಲಿ ತಂದಿತ್ತು. ಬಿಳಿ ಮೈಯ ಮೇಲೆ ಹಳದಿ ಕಂದು ಚುಕ್ಕೆಗಳು. ಲಾಡು ಕಟ್ಟುವ ಮುಂಚೆ ತಟ್ಟೆಯಲ್ಲಿ ಹರವಿಟ್ಟ ಬೂಂದಿಯ ಹಾಗೆ ಕಂಡನೆಂದು ಹೆಸರಿಟ್ಟವಳು ಮೇಧಾ. ಆದರೆ ಸಂಸ್ಥೆ ಅವನನ್ನು ಪೂರ್ತಿ ನಮಗೆ ಕೊಟ್ಟಿರಲಿಲ್ಲ, ನೋಡಿ ಹೇಳುತ್ತೇವೆ ಎಂದಿತ್ತು. ಮೊದಲ ವಾರದಲ್ಲೇ ಅವನು ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ನಮ್ಮ ಸೆಂಟರ್‌ವಿಲ್‌ನ ದೊಡ್ಡ ರಸ್ತೆಯ ತನಕ ಓಡಿದ. ಯಾರೋ ಪುಣ್ಯಾತ್ಮರು ಕಾರು ನಿಲ್ಲಿಸಿ ಹಿಡಿದುಕೊಟ್ಟರು. ಸುದ್ದಿ ತಿಳಿದ ಸಂಸ್ಥೆಯ ಡಯಾನ್ ಫೋನಿನ ಪರದೆಯಲ್ಲಿ ಬಹಳ ಮೆಲ್ಲಗೆ, ಬಹಳ ಸ್ಪಷ್ಟವಾಗಿ ಹೇಳಿದರು: ಕರೆದರೆ ಬರಲು ಇವನು ಕಲಿಯಬೇಕೆಂದೂ, ದಸರಾದ ಹೊತ್ತಿಗೆ ತಾನೇ ಬಂದು ನೋಡುವುದಾಗಿಯೂ, ಕಲಿಯದಿದ್ದರೆ ರಸ್ತೆಯಿಂದ ದೂರದ ಹಳ್ಳಿಮನೆಯೊಂದಕ್ಕೆ ಇವನನ್ನು ಕಳಿಸುವುದೇ ಇವನಿಗೆ ಕ್ಷೇಮವೆಂದೂ. ದಸರಾ ಎಂಬ ಮಾತು ನನ್ನದು. ಅವರು ಹೇಳಿದ್ದು ಅಕ್ಟೋಬರ್.

ನಿಮ್ಮ ಅಮ್ಮ ಆ ರಾತ್ರಿ ಊಟದ ತಟ್ಟೆಯ ಮುಂದೆ, "ಅವ್ರು ಹೇಳೋದೂ ಸರೀನೇ ಅಮ್ಮ. ರೋಡಲ್ಲಿ ಏನಾದ್ರೂ ಆಗ್ಬಿಟ್ರೆ? ಈಗ್ಲೇ ವಾಪಸ್ ಕೊಟ್ಬಿಟ್ರೆ ಮಕ್ಳು ಬೇಗ ಮರೀತಾರೆ" ಎಂದಳು. ನೀವಿಬ್ಬರೂ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಿರಿ. ಬೇಗ ಮರೆಯುವವರ ಮುಖ ಹಾಗಿರುವುದಿಲ್ಲ.

ಕಲಿಸಬೇಕಾದರೆ ಹಗ್ಗ ಬಿಚ್ಚಬೇಕು. ಹಗ್ಗ ಬಿಚ್ಚಲು ಬೇಲಿ ಬೇಕು. ಊರಿನ ಎಲ್ಲ ನಾಯಿಗಳನ್ನೂ ಒಟ್ಟಿಗೆ ಬಿಡುವ ಪಾರ್ಕಿಗೆ ಕರೆದೊಯ್ದರೆ ಬೂಂದಿ ಬೆಂಚಿನ ಕೆಳಗೆ ನುಸುಳಿ ನಡುಗುತ್ತ ಮಲಗಿದ. ಆಗ ನಿಮ್ಮ ಅಪ್ಪ ಫೋನಿನಲ್ಲಿ ಹುಡುಕಿ ತೆಗೆದದ್ದು ಈ ಬಯಲುಗಳನ್ನು. ಜಮೀನಿದ್ದವರು ಅದಕ್ಕೆ ಎತ್ತರದ ಬೇಲಿ ಹಾಕಿ, ಒಂದು ಗಂಟೆಯ ಲೆಕ್ಕದಲ್ಲಿ ಒಂದೇ ಮನೆಯ ನಾಯಿಗೆ ಬಿಟ್ಟುಕೊಡುತ್ತಾರೆ. ಆ ಒಂದು ಗಂಟೆ ಅಲ್ಲಿ ಬೇರೆ ನಾಯಿಯ ನೆರಳೂ ಸುಳಿಯುವುದಿಲ್ಲ. ಎಲ್ಲರಿಗೂ ಮನೆಯಿಂದಲೇ ಕೆಲಸವಾಗಿದ್ದ ಕಾಲ ಅದು. ನಿಮ್ಮ ಮಾವನ ಮನೆಗೆಂದು ಕ್ಯಾರೊಲಿನಾಕ್ಕೆ ಹೊರಟರೂ, ನನ್ನ ತಂಗಿಯ ಮಗಳ ಮನೆಗೆಂದು ಅಟ್ಲಾಂಟಾಕ್ಕೆ ಹೊರಟರೂ, ಹೋದ ಊರಿನಲ್ಲೆಲ್ಲ ದೇವಸ್ಥಾನಕ್ಕಿಂತ ಮೊದಲು ನಾಯಿಯ ಬಯಲು ನೋಡುವ ಸಂಸಾರವಾಗಿಬಿಟ್ಟೆವು.

ಬೇಲಿ ಎಂದರೆ ನನಗೆ ಹೊಸದಲ್ಲ. ನಮ್ಮ ಕಡೆ ಹೊಲದ ಸುತ್ತ ಕತ್ತಾಳೆ ನೆಟ್ಟು, ನಡುವೆ ಜಾಲಿಮುಳ್ಳು ಒಟ್ಟಿ, ಉಗನಿ ಹಂಬಿನಿಂದ ಬಿಗಿದು ಕಟ್ಟುತ್ತಿದ್ದರು. ಬೆಳಗ್ಗೆ ಎದ್ದು ಬೇಲಿ ಸುತ್ತಿ ಬರುವುದು ನನ್ನ ಅವ್ವನ ಕೆಲಸ, ಅವಳ ಹಿಂದೆ ಹೋಗುವುದು ನನ್ನದು. ಆದರೆ ಅಲ್ಲಿ ಬೇಲಿಯೊಳಗೆ ಬೆಳೆ, ಬೇಲಿಯಾಚೆ ದನ. ಇಲ್ಲಿ ಬೇಲಿಯೊಳಗಿರುವುದೇ ನಾಯಿ; ಅದೇ ಬೆಳೆ, ಅದೇ ಫಸಲು, ಅದು ಓಡುವುದನ್ನು ನೋಡುವುದೇ ಸುಗ್ಗಿ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಮೂರು ಬಯಲುಗಳೇ ಬೇಕಾದವು. ಜನ ಫೋನಿನಲ್ಲಿ ಇವಕ್ಕೆ ನಕ್ಷತ್ರ ಕೊಡುತ್ತಾರೆ. ನಮ್ಮಲ್ಲಿ ಮದುವೆಗೆ ನಕ್ಷತ್ರ ನೋಡಿದರೆ ಇಲ್ಲಿ ಹುಲ್ಲುಗಾವಲಿಗೂ ನೋಡುತ್ತಾರಲ್ಲ ಎಂದು ನನಗೆ ನಗು. ಎಷ್ಟೋ ನಕ್ಷತ್ರ ಕೂಡಿಬಂದ ಮದುವೆಗಳನ್ನು ಕಂಡವಳಾದ್ದರಿಂದ, ನಾನು ಬೇಲಿಯನ್ನೇ ಸುತ್ತಿ ನೋಡುವುದೆಂದು ತೀರ್ಮಾನಿಸಿದೆ.

ಮೇರಿಲ್ಯಾಂಡಿನ ಜರ್ಮನ್‌ಟೌನಿನ ಬಯಲಿಗೆ ಐದು ನಕ್ಷತ್ರ ಇತ್ತು. ಬೇಲಿ ನನ್ನ ತಲೆಗಿಂತ ಎತ್ತರ. ಅದರ ಎತ್ತರವನ್ನೇ ಎಲ್ಲರೂ ಹೊಗಳುತ್ತಿದ್ದರು. ನಾಯಿ ಮಾತ್ರ ಎತ್ತರ ನೋಡುವುದಿಲ್ಲ, ಮೂಗು ಹೋದಲ್ಲಿಗೆ ಹೋಗುತ್ತದೆ, ಮೂಗಿರುವುದು ನೆಲದಲ್ಲಿ. ಮಳೆನೀರು ಹರಿದು ಹೋಗುವ ಮೂಲೆಯಲ್ಲಿ ತಂತಿಯ ಕೆಳಗೆ ಒಂದು ಕಂಡಿ. ಬೂಂದಿ ಅಷ್ಟು ಹೊತ್ತಿಗಾಗಲೇ ಅಲ್ಲಿ ಮುಂಗಾಲಿನಿಂದ ಕೆರೆಯುತ್ತಿದ್ದ. ನಾನು ಹೋಗಿ ಆ ಜಾಗದಲ್ಲೇ ಕುಕ್ಕರಿಸಿ ಕೂತುಬಿಟ್ಟೆ. "ಅಜ್ಜಿ ಈಸ್ ದಿ ಫೆನ್ಸ್!" ಎಂದು ಸುಹಾಸ ಕೂಗಿದ. ಪೂರ್ತಿ ಒಂದು ಗಂಟೆ ನಾನು ಬೇಲಿಯಾಗಿಯೇ ಇದ್ದೆ. ಆ ಬಯಲಿಗೆ ನನ್ನಿಂದ ಮೆಚ್ಚುಗೆ ಇಲ್ಲ, ಆದರೆ ಗೇಟಿನ ವಿಷಯದಲ್ಲಿ ಅದರಿಂದ ಕಲಿತೆ. ಒಳ್ಳೆಯ ಬಯಲಿಗೆ ಗೇಟು ಎರಡಿರುತ್ತವೆ, ನಡುವೆ ಪುಟ್ಟ ಜಗುಲಿಯಷ್ಟು ಜಾಗ. ಹೊರಗಿನದನ್ನು ಮುಚ್ಚಿದ ಮೇಲೆ ಒಳಗಿನದನ್ನು ತೆರೆಯಬೇಕು. ಎಷ್ಟು ಸರಳ ಉಪಾಯ! ಮನುಷ್ಯರ ಜಗಳಗಳಿಗೂ ಇಂಥ ಒಂದು ಜಗುಲಿ ಇದ್ದಿದ್ದರೆ, ಒಂದು ಮಾತು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಹಾಗಿದ್ದಿದ್ದರೆ, ಎಷ್ಟೋ ಮನೆ ಉಳಿಯುತ್ತಿದ್ದವು.

ಕ್ಯಾರೊಲಿನಾದಲ್ಲಿ, ನಿಮ್ಮ ಮಾವ ಕೆಲಸ ಮಾಡುವ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಿಂದ ಆಚೆಗೆ, ಪೈನ್ ಮರಗಳ ನಡುವೆ ಒಂದು ಬಯಲು ಸಿಕ್ಕಿತು. ನೆರಳು ಚೆನ್ನಾಗಿತ್ತು, ಬೇಲಿಯ ಬುಡವೂ ಗಟ್ಟಿ. ಕರೆಯುವ ಪಾಠ ಶುರುವಾದದ್ದು ಅಲ್ಲಿ. ಒಬ್ಬೊಬ್ಬರಾಗಿ ಬೂಂದಿಯ ಹೆಸರು ಹಿಡಿದು ಕೂಗುವುದು, ಬಂದರೆ ಚೀಸ್ ಚೂರು ಕೊಡುವುದು. ನಿಮ್ಮ ಅಪ್ಪ "ಕಮ್!" ಎಂದರು, ಅಮ್ಮ "ಬಾ ಪುಟ್ಟ" ಎಂದಳು, ನೀವಿಬ್ಬರೂ ಶಿಳ್ಳೆ ಹೊಡೆದಿರಿ. ಬೂಂದಿ ಮನಸ್ಸು ಬಂದರೆ ಬರುತ್ತಿದ್ದ. ನನ್ನ ಸರದಿ ಬಂದಾಗ ನಾನು ಸುಮ್ಮನೆ ನಿಂತೆ.

"ಅಜ್ಜಿ, ಯುವರ್ ಟರ್ನ್. ಕರಿ!" ಎಂದಳು ಮೇಧಾ.

"ಹೋಗ್ತಾ ಇರೋರ್ನ ಹಿಂದಿನಿಂದ ಕರೀಬಾರ್ದು ಕಣೇ."

"ಅಜ್ಜೀ! ಅವ್ನೇನ್ ಆಫೀಸ್‌ಗೆ ಹೋಗ್ತಿದಾನಾ?"

ನಿಮ್ಮ ಅಪ್ಪ ಬೆನ್ನು ತಿರುಗಿಸಿ ನಕ್ಕದ್ದು ನನಗೆ ಕಾಣಿಸಿತು. ನಗಲಿ. ಆದರೆ ಆ ಪದ್ಧತಿ ನನ್ನ ಗಂಟಲಿನಲ್ಲೇ ಮನೆ ಮಾಡಿಕೊಂಡಿರುವಂಥದ್ದು. ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕೂಗಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮಲ್ಲಿ ಬಲವಾದ ನಂಬಿಕೆ. ನಿಮ್ಮ ತಾತ ಕನ್ನಡಕ ಮರೆತು ಹೊರಟರೆ ನಾನು ಹಿತ್ತಿಲ ಬಾಗಿಲಿನಿಂದ ಓಡಿ, ಎರಡು ಮನೆ ಸುತ್ತು ಹಾಕಿ, ಬೀದಿಯ ತಿರುವಿನಲ್ಲಿ ಅವರಿಗೆ ಎದುರಾಗಿ ನಿಂತು ಕನ್ನಡಕ ನೀಡುತ್ತಿದ್ದೆ. ಅವರು ಅದನ್ನು ಇಸಿದುಕೊಂಡು, ದಾರಿಯಲ್ಲಿ ಯಾರೋ ಅಪರಿಚಿತರು ಉಪಕಾರ ಮಾಡಿದರೇನೋ ಎಂಬಂತೆ ಗಂಭೀರವಾಗಿ ಕೈ ಮುಗಿದು ಹೋಗುತ್ತಿದ್ದರು. ಅವರ ಹೆಸರನ್ನಂತೂ ನಾನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಹೀಗೆ ಒಂದು ಆಯುಷ್ಯವನ್ನೇ ಯಾರನ್ನೂ ಗಟ್ಟಿಯಾಗಿ ಕರೆಯದೆ ಕಳೆದವಳಿಗೆ, ಪರದೇಶದ ಬಯಲಿನಲ್ಲಿ ನಿಂತು ನಾಯಿಯನ್ನು ಕೂಗು ಎಂದರೆ ಧ್ವನಿ ಎಲ್ಲಿಂದ ತರುವುದು? ಬೂಂದಿ ನನ್ನ ಹತ್ತಿರ ತಾನಾಗಿಯೇ ಬರುತ್ತಿದ್ದ, ಕಾಲ ಬಳಿ ಕೂರುತ್ತಿದ್ದ. ಅಷ್ಟು ಸಾಕೆಂದು ನನ್ನ ಎಣಿಕೆ.

ಅಟ್ಲಾಂಟಾದ ಬಯಲು ನೋಡಿ ನೀವೆಲ್ಲ ಮರುಳಾದಿರಿ. ಮರುಳಾಗುವಂಥದ್ದೇ: ನಾಯಿಗೆಂದು ತಿಳಿನೀರಿನ ಸಣ್ಣ ಕೊಳ, ಮನುಷ್ಯರಿಗೆಂದು ನೆರಳಿನ ಚಪ್ಪರ, ಮೈ ಒರೆಸಲು ಮಡಿಸಿಟ್ಟ ಟವೆಲುಗಳು. "ಇದೇ ಬೆಸ್ಟ್, ನೋ ಡೌಟ್" ಎಂದು ಕಾರಿನಲ್ಲಿ ಮತ ಎಣಿಸಿದಿರಿ. ನಾನು ಮತ ಹಾಕಲಿಲ್ಲ. ಆ ಬಯಲು ತಟ್ಟೆಯಂತೆ ಮಟ್ಟಸವಾಗಿತ್ತು. ಎಲ್ಲಿ ನಿಂತರೂ ಎಲ್ಲವೂ ಕಾಣುತ್ತಿತ್ತು. ಬೂಂದಿ ಕೊಳದಲ್ಲಿ ಹೊರಳಾಡಿದ, ನಮ್ಮ ಕಣ್ಣೆದುರೇ ಇದ್ದ, ಕರೆದರೆ ಬಂದ, ಕರೆಯದಿದ್ದರೂ ಬಂದ. ದೂರವೇ ಹೋಗದವನಿಗೆ ಹಿಂತಿರುಗುವುದನ್ನು ಕಲಿಸುವುದು ಹೇಗೆ? ಬೇಸಿಗೆ ಕಳೆಯುವುದಕ್ಕೆ ಅದು ಸೊಗಸಾದ ಜಾಗ. ನಮಗಿದ್ದ ಕೆಲಸವೇ ಬೇರೆ, ದಿನಗಳೂ ಕಡಿಮೆಯಾಗುತ್ತಿದ್ದವು.

ಹೆಲನ್ ಅವರ ಬಯಲು ನಮ್ಮ ಮನೆಯಿಂದ ಪಶ್ಚಿಮಕ್ಕೆ, ಮನೆಗಳು ವಿರಳವಾಗಿ ಹೊಲಗಳು ಶುರುವಾಗುವ ಕಡೆ ಇತ್ತು. ಹೆಲನ್ ನನ್ನ ವಯಸ್ಸಿನವರು. ಒಂದು ಕಾಲದಲ್ಲಿ ಕುದುರೆ ಸಾಕಿದ್ದವರು, ಈಗ ಆ ಜಮೀನನ್ನೇ ನಾಯಿಗಳಿಗೆ ಬಿಟ್ಟಿದ್ದರು. ಕೊಳವಿಲ್ಲ, ಚಪ್ಪರವಿಲ್ಲ. ಒಂದು ಇಳಿಜಾರು, ನಡುವೆ ಒಂದು ಹಳೆಯ ಓಕ್ ಮರ, ದಿಬ್ಬದ ಆಚೆ ಬಣ್ಣ ಹೋದ ಕೊಟ್ಟಿಗೆ. ನಾನು ಬೇಲಿ ಸುತ್ತಿ ಬಂದೆ. ಬುಡದ ತಂತಿಯನ್ನು ಒಂದು ಗೇಣು ನೆಲದೊಳಕ್ಕೆ ಹೂತಿದ್ದರು. ತಮ್ಮ ಜಗುಲಿಯ ಕುರ್ಚಿಯಿಂದ ಹೆಲನ್ ನನ್ನನ್ನು ನೋಡುತ್ತಿದ್ದರು. ನಾನು ಬೇಲಿಯ ಬುಡ ತೋರಿಸಿ ತಲೆಯಾಡಿಸಿದೆ, ಅವರೂ ತಲೆಯಾಡಿಸಿದರು. ನಮ್ಮಿಬ್ಬರ ಸ್ನೇಹಕ್ಕೆ ಅದಕ್ಕಿಂತ ಹೆಚ್ಚು ಇಂಗ್ಲಿಷು ಯಾವತ್ತೂ ಬೇಕಾಗಲಿಲ್ಲ.

ಎಡವಟ್ಟು ಆದದ್ದು ನಮ್ಮಿಂದಲೇ. ಬೇರೆಯವರು ಇಂಥ ಬಯಲಿಗೆ ನಾಯಿ, ಚೆಂಡು, ನೀರಿನ ಬಾಟಲಿ ತರುತ್ತಾರೆ. ನಾವೋ, ನಾಲ್ಕು ಹೆಜ್ಜೆ ಮನೆಯಾಚೆ ಹೋದರೂ ಬುತ್ತಿ ಇಲ್ಲದೆ ಹೋಗುವ ಜನ ಅಲ್ಲ. ಆ ಭಾನುವಾರ ಚಿತ್ರಾನ್ನ, ಮೊಸರನ್ನ, ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ, ಎರಡು ಚಾಪೆ, ಮಡಚುವ ಕುರ್ಚಿ, ಕೊಡೆ, ಐಸಿನ ಪೆಟ್ಟಿಗೆ, ಎಲ್ಲವೂ ಕಾರಿನಿಂದ ಇಳಿದವು. ಒಂದು ಗೇಟು ಮುಚ್ಚಿ ಇನ್ನೊಂದು ತೆರೆಯಿರಿ ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಕೈತುಂಬ ಸಾಮಾನು ಹಿಡಿದವರು ಎಷ್ಟು ಸಲ ಮುಚ್ಚಿ ತೆರೆಯುವುದು? ನಿಮ್ಮ ಅಪ್ಪ, "ಒಂದ್ನಿಮಿಷ ಅಷ್ಟೇ" ಎಂದು ಹೊರಗಿನ ಗೇಟು ಮುಚ್ಚದಂತೆ ಅದಕ್ಕೆ ಐಸಿನ ಪೆಟ್ಟಿಗೆ ಒತ್ತಿಟ್ಟರು. ನಿಮ್ಮ ಅಮ್ಮ ಒಳಗಿನದಕ್ಕೆ ಚಿತ್ರಾನ್ನದ ಚೀಲ ಇಟ್ಟಳು. ನಾನು ಆಗಲೇ ಬೂಂದಿಯ ಜೊತೆ ಒಳಗೆ ಮರದ ಕೆಳಗಿದ್ದೆ. ಅವನ ಹಗ್ಗ ಬಿಚ್ಚಿದ್ದೆ.

ನೀವು ಅಲ್ಲೇ ಇದ್ದಿರಿ, ಆದರೆ ಅಳುತ್ತಿದ್ದಿರಿ, ಪೂರ್ತಿ ನೋಡಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೂಂದಿ ಚಿತ್ರಾನ್ನದ ಚೀಲ ಮೂಸಿದ, ಐಸಿನ ಪೆಟ್ಟಿಗೆ ಮೂಸಿದ, ಆಮೇಲೆ ತಲೆಯೆತ್ತಿ ಆಚೆಯ ಜಲ್ಲಿಹಾದಿಯನ್ನು ನೋಡಿದ. ಅದರ ತುದಿಗೆ ಲಾರಿಗಳು ಓಡಾಡುವ ರಸ್ತೆ. ಅವನು ಅವಸರವಿಲ್ಲದೆ ಹೊರಟ. ಮರುಕ್ಷಣ ನೀವೆಲ್ಲರೂ ಒಟ್ಟಿಗೆ ಕಿರುಚಿ ಒಟ್ಟಿಗೆ ಓಡಿದಿರಿ, ಕಮ್ ಎಂದು ಒಬ್ಬರು, ಸ್ಟೇ ಎಂದು ಒಬ್ಬರು, ಬಾರೋ ಎಂದು ಒಬ್ಬರು. ಅಟ್ಟಿಸಿಕೊಂಡು ಬರುವ ಎಂಟು ಕಾಲುಗಳನ್ನು ಕಂಡ ನಾಯಿ ಏನು ಮಾಡುತ್ತದೆ? ಅವನೂ ಓಡಿದ. ನಾನು ಮರದಡಿಯಿಂದ ಒಳಗಿನ ಗೇಟಿನವರೆಗೆ ಬಂದೆ, ಆದರೆ ಎದುರಾಗಿ ಹೋಗಿ ನಿಲ್ಲಲು ನನಗೆ ಹಿತ್ತಿಲ ದಾರಿ ಇರಲಿಲ್ಲ.

"ಎಲ್ರೂ ಕೂತ್ಕೊಳ್ಳೀ!"

ಆ ಧ್ವನಿ ಯಾರದೆಂದು ನಾನೇ ಒಂದು ಕ್ಷಣ ಸುತ್ತ ನೋಡಿದೆ. ನಿಮ್ಮ ಅಪ್ಪ ಜಲ್ಲಿಯ ಮೇಲೆ ದೊಪ್ಪನೆ ಕೂತರು. ನೀವೂ ಕೂತಿರಿ. ಬೂಂದಿ ನಿಂತ. ಎರಡು ಗೇಟಿನಾಚೆ, ಬೆನ್ನು ತೋರಿಸಿಕೊಂಡು, ರಸ್ತೆಗೆ ಕಲ್ಲೆಸೆಯುವಷ್ಟು ಹತ್ತಿರ.

"ಬೂಂದೀ! ಬಾರೋ ಮಗನೇ!"

ಹಿಂದಿನಿಂದ ಕರೆದೆ. ಹೆಸರು ಹಿಡಿದು, ಹೊಟ್ಟೆಯ ಆಳದಿಂದ, ಹೆಲನ್ ಅವರ ಕೊಟ್ಟಿಗೆಯ ಮೇಲಿನ ಹಕ್ಕಿಗಳು ಏಳುವಂತೆ ಕರೆದೆ. ಅವನು ಕುತ್ತಿಗೆ ತಿರುಗಿಸಿ ನೋಡಿದ. ಆಗ ಎರಡನೆಯ ಸಲ ಕೂಗಬೇಕೆಂದು ನಾಲಿಗೆಗೆ ಬಂದದ್ದನ್ನು ತಡೆದುಕೊಂಡು, ಕೈ ಇಳಿಬಿಟ್ಟು ನಿಂತುಕೊಂಡೆ. ಅವನು ಓಡಿ ಬರಲಿಲ್ಲ. ಬಾಲ ತಗ್ಗಿಸಿ, ಕೂತಿದ್ದ ನಿಮ್ಮೆಲ್ಲರ ನಡುವಿನಿಂದ, ಮೆರವಣಿಗೆಯ ಎತ್ತಿನ ಹಾಗೆ ನಿಧಾನವಾಗಿ ನಡೆದು ಬಂದು ನನ್ನ ಮೊಣಕಾಲಿಗೆ ಹಣೆ ಒತ್ತಿದ. ನಾನು ಚಿತ್ರಾನ್ನದ ಚೀಲವನ್ನು ಕಾಲಿನಿಂದ ಸರಿಸಿ ಗೇಟು ಮುಚ್ಚಿದೆ.

ಎಷ್ಟೋ ಹೊತ್ತಿನ ಮೇಲೆ ಆಚೆಯಿಂದ ನಿಮ್ಮ ಅಪ್ಪನ ದನಿ ಕೇಳಿತು: "ಅತ್ತೆ, ಈಗ ಏಳ್ಬಹುದಾ?"

ಪದ್ಧತಿ ಮುರಿದೆನೆಂದು ನನಗೆ ಅಳುಕಾಗಲಿಲ್ಲ. ಅದನ್ನು ಕುರಿತು ಆಮೇಲೆ ಬಹಳ ಯೋಚಿಸಿದ್ದೇನೆ. ಒಂದು ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರ ಗಮನ ಕೆಡಿಸಬಾರದೆಂದು ಹಿರಿಯರು ಕಟ್ಟಿದ ಮಾತು ಅದು, ಮರ್ಯಾದೆಯ ಮಾತು. ಎಲ್ಲಿಗೆ ಹೋಗುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ ಹೋಗುತ್ತಿರುವವರನ್ನೂ ಕರೆಯಬೇಡಿ ಎಂದು ಅವರು ಹೇಳಿರಲಾರರು. ನಿಮ್ಮ ತಾತನಿಗೆ ದಾರಿ ಗೊತ್ತಿತ್ತು. ಬೂಂದಿಗೆ ಗೊತ್ತಿರಲಿಲ್ಲ.

ಅಂದಿನಿಂದ ಕರೆಯುವ ಪಾಠ ನಾನೂ ಮಾಡಿದೆ, ನೀವೂ ಮಾಡಿದಿರಿ, ಎಲ್ಲರೂ ಒಂದೇ ಮಾತಿನಲ್ಲಿ: ಹೆಸರು, ಆಮೇಲೆ 'ಬಾ', ಒಂದೇ ಸಲ. ಹೆಲನ್ ಅವರ ಬಯಲಿನ ಗುಣ ನನಗೆ ಗೊತ್ತಾದದ್ದು ಆ ವಾರಗಳಲ್ಲಿ. ಬೂಂದಿ ದಿಬ್ಬ ಹತ್ತಿ ಕೊಟ್ಟಿಗೆಯ ಹಿಂದೆ ಮರೆಯಾಗುತ್ತಿದ್ದ. ನಾವು ಅವನಿಗೆ ಕಾಣುತ್ತಿರಲಿಲ್ಲ, ಅವನು ನಮಗೆ ಕಾಣುತ್ತಿರಲಿಲ್ಲ. ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಬುಡ ಹೂತ ಬೇಲಿ ಸುತ್ತಲೂ ಇದೆ ಎಂಬ ಧೈರ್ಯವೂ ಇತ್ತು. ಮರೆಯಲ್ಲಿದ್ದವನು ಬಂದರೆ ಅದು ಅವನಾಗಿ ಬಂದದ್ದು. ಉತ್ತಮವಾದ ಬಯಲಿಗೆ ಹೀಗೆ ಒಂದು ಮರೆ ಇರಲೇಬೇಕು ಎಂಬುದು ನನ್ನ ತೀರ್ಪು. ಯಾವ ನಕ್ಷತ್ರದವರೂ ಇದನ್ನು ಬರೆದದ್ದು ನಾನು ಕಾಣೆ.

ಡಯಾನ್ ಬಂದರು. ಎಲೆಗಳು ಹಣ್ಣಾಗಿದ್ದ ಒಂದು ಮಧ್ಯಾಹ್ನ. ಬೂಂದಿ ದಿಬ್ಬದಾಚೆ ಹೋಗುವವರೆಗೆ ಸುಮ್ಮನಿದ್ದು, ಮಕ್ಕಳೇ ಕರೆಯಲಿ ಎಂದರು. ಸುಹಾಸ ಕರೆದ. ಏನೂ ಇಲ್ಲ. ನಿಮ್ಮ ಅಮ್ಮ ನನ್ನ ಕೈ ಹಿಡಿದುಕೊಂಡಳು, ಉಗುರು ಊರುವಷ್ಟು. "ಅಮ್ಮ, ನೀನೊಂದ್ಸಲ ಕರಿಯೇ" ಎಂದು ಪಿಸುಗುಟ್ಟಿದಳು. ನಾನು ಕರೆಯಲಿಲ್ಲ. ಅವನನ್ನು ಕರೆದಾಗಿದೆ, ಅವನಿಗೆ ಕೇಳಿಸಿದೆ. ಇನ್ನೊಂದು ಸಲ ಕರೆದರೆ ಮೊದಲಿನ ಕರೆಗೆ ಬೆಲೆ ಉಳಿಯುವುದಿಲ್ಲ. ಸುಹಾಸನ ಕಣ್ಣು ತುಂಬುತ್ತಿತ್ತು. ಆಗ ದಿಬ್ಬದ ನೆತ್ತಿಯಲ್ಲಿ ಮೊದಲು ಎರಡು ಕಿವಿ, ಆಮೇಲೆ ಮೂತಿಯಲ್ಲಿ ಕಚ್ಚಿದ ಒಂದು ಹಳೆಯ ಕುದುರೆಲಾಳ, ಆಮೇಲೆ ನಮ್ಮ ಬೂಂದಿ. ಅದನ್ನು ತಂದು ಸುಹಾಸನ ಶೂಗಳ ಮೇಲೆ ಹಾಕಿದ. ಡಯಾನ್ ಏನೋ ಹೇಳಿದರು. ಮೇಧಾ ನನ್ನ ಕುತ್ತಿಗೆಗೆ ಜೋತುಬಿದ್ದು, "ಹಿ ಈಸ್ ಅವರ್ಸ್, ಅಜ್ಜಿ! ನಮ್ದೇ!" ಎಂದಾಗ ನನಗೆ ತಿಳಿಯಿತು.

ಆಯುಧಪೂಜೆ ಅದೇ ವಾರ ಬಂತು. ಮನೆಯ ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದಾಗ, ನಮ್ಮ ಪಾಲಿಗೆ ಈ ವರ್ಷ ದುಡಿದದ್ದು ಹೆಲನ್ ಅವರ ಗೇಟಲ್ಲವೇ ಎಂದು ನಾನೇ ಕೇಳಿದೆ. ಎಲ್ಲರೂ ಹೊರಟೆವು. ಮೇಧಾ ಹೆಲನ್ ಅವರಿಗೆ ವಿವರಿಸಿದಳು: ನಮ್ಮನ್ನು ಕಾಪಾಡಿದ ವಸ್ತುಗಳಿಗೆ ಥ್ಯಾಂಕ್ಸ್ ಹೇಳುವ ಹಬ್ಬ, ನಮ್ಮ ಅಜ್ಜಿ ಎಷ್ಟೋ ಬಯಲು ನೋಡಿ ನಿಮ್ಮದಕ್ಕೆ ಮೊದಲ ಬಹುಮಾನ ಕೊಟ್ಟಿದ್ದಾರೆ. ಹೆಲನ್ ತಮ್ಮ ಹ್ಯಾಟು ತೆಗೆದು ನಿಂತರು. ಎರಡು ಗೇಟಿಗೂ ಸೇವಂತಿಗೆ ಹಾರ ಹಾಕಿದೆವು. ನಾನು ಎಂದಿನಂತೆ ಹಿಂದೆ ಸರಿದೆ. ನಮ್ಮೂರಿನಲ್ಲಿ ಗಂಡ ಹೋದ ಹೆಂಗಸು ಇಂಥ ಹೊತ್ತಿನಲ್ಲಿ ಮುಂದೆ ನಿಲ್ಲುವುದಿಲ್ಲ. ನಿಮ್ಮ ಅಮ್ಮ ಕುಂಕುಮದ ಬಟ್ಟಲನ್ನು ನನ್ನ ಕಡೆಗೇ ಚಾಚಿದಳು. "ಜಡ್ಜ್ ನೀನು ತಾನೇ? ಬಾಮ್ಮ, ನೀನೇ ಇಡು."

ಹೋದೆ. ಚಿಲಕಕ್ಕೆ ಅರಿಶಿನ ಹಚ್ಚಿ ಕುಂಕುಮ ಇಟ್ಟೆ.

ಮಕ್ಕಳೇ, ನೀವು ದೊಡ್ಡವರಾಗಿ ಬೇರೆ ಬೇರೆ ಊರಿನಲ್ಲಿ ಮನೆ ಮಾಡುತ್ತೀರಿ. ನಿಮಗೂ ಒಂದು ನಾಯಿ ಬರುತ್ತದೆ, ಅದಕ್ಕೂ ಒಂದು ಹೆದರಿಕೆ ಇರುತ್ತದೆ. ಆಗ ಒಳ್ಳೆಯ ಬಯಲು ಹುಡುಕಲು ಇದನ್ನು ತೆಗೆದು ಓದಿ. ನಿಮ್ಮ ಕನ್ನಡ ಅಷ್ಟು ಹೊತ್ತಿಗೆ ತೊಡರುವಂತಾಗಿದ್ದರೆ ಗಟ್ಟಿಯಾಗಿ ಓದಿ, ಅರ್ಥವಾಗುತ್ತದೆ. ಈ ಹಾಳೆಗಳನ್ನು ಬೂಂದಿಯ ಚುಚ್ಚುಮದ್ದಿನ ಕಾಗದಗಳ ಜೊತೆ ಅದೇ ನೀಲಿ ಕವರಿನಲ್ಲಿ ಇಟ್ಟುಕೊಂಡಿರಿ. ಆ ಕವರನ್ನು ಈ ಮನೆಯಲ್ಲಿ ಯಾರೂ ಕಳೆಯುವುದಿಲ್ಲವೆಂದು ನನಗೆ ನಂಬಿಕೆ ಇದೆ.